ನಾಲ್ಕು ಬೋಲ್ಟು

ಆ ಗುರುವಾರ ಬೆಳಿಗ್ಗೆ ಡಬ್ಬಿಗೆ ಅನ್ನ, ಅವರೆಕಾಳಿನ ಹುಳಿ ಹಾಕಿ ಕಳಿಸಿದ್ದೆ. ಸಂಜೆ ಖಾಲಿ ಡಬ್ಬಿ ತಂದಿಟ್ಟು ಉಪ್ಪು ಕಡಿಮೆ ಎಂದರು. ಡಬ್ಬಿಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಏನಾದರೊಂದು ಕೊರತೆ ಹೇಳದಿದ್ದರೆ ನಮ್ಮ ಯಜಮಾನರಿಗೆ ಊಟ ಮುಗಿದ ಹಾಗೆ ಆಗುತ್ತಿರಲಿಲ್ಲ.

ಅವರ ಹೆಸರು ಪಂಚಾಕ್ಷರಿ. ಬಸವೇಶ್ವರನಗರದ ಬಾಡಿಗೆ ಮನೆಯಲ್ಲಿ ನಾವು ಮೂರು ಜನ. ಅವರು, ನಾನು, ಅವರ ತಾಯಿ ಶಿವಕ್ಕ. ನಮಗೆ ಮಕ್ಕಳಾಗಲಿಲ್ಲ. ಅವರು ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಕಂಪನಿಯಲ್ಲಿ ಡ್ರಾಯಿಂಗ್ ಆಫೀಸಿನಲ್ಲಿದ್ದರು. ನಾನು ಮನೆಯಲ್ಲಿ ಕೂತು ಸೀರೆಗೆ ಫಾಲ್ ಹಾಕುತ್ತಿದ್ದೆ, ಹರಿದದ್ದು ಹೊಲಿಯುತ್ತಿದ್ದೆ.

ಅಂದು ಸಂಜೆ ಅವರದೇ ಅಂಗಿಗೆ ಜೇಬು ಕೂರಿಸುತ್ತಿದ್ದೆ. ಸದ್ಯಕ್ಕೆ ನಾಲ್ಕು ಮೂಲೆಗೆ ಟಾಕು ಹಾಕಿಟ್ಟಿದ್ದೆ. ಕಾಫಿ ಲೋಟ ಹಿಡಿದುಕೊಂಡು ಬಂದು ಎದುರಿಗೆ ಕೂತರು. ಜೇಬಿನೊಳಗೆ ಎರಡು ಬೆರಳು ಹಾಕಿ ಕೆಳಕ್ಕೆ ಜಗ್ಗಿದರು. ಮೇಲಿನ ಟಾಕು ಬಿಟ್ಟಿತು.

"ಏನ್ರೀ ನಿಮಗೆ, ಮಾಡಿದ ಕೆಲಸ ಕೆಡಿಸ್ತೀರಲ್ಲ!"

"ನೋಡೇ ಗಂಗಾ, ಜೇಬು ಹರೀಲಿಲ್ಲ. ಬಟ್ಟೆ ಗಟ್ಟಿಯಾಗೇ ಇದೆ. ಟಾಕು ಬಿಡ್ತು."

"ಟಾಕು ಇರೋದೇ ಬಿಡೋಕೆ. ಆಮೇಲೆ ಸುತ್ತ ಹೊಲಿಗೆ ಹಾಕ್ತೀನಿ."

"ಆ ಕ್ರೇನಿನ ತೋಳಿಗೆ ಅದೇ ನಾನು ಮಾಡಿರೋದು. ಸುತ್ತ ಹೊಲಿಗೆ ಇದೆ ಅಂತ ಲೆಕ್ಕ ಹಾಕಿಬಿಟ್ಟಿದೀನಿ. ಅಲ್ಲಿರೋದು ನಾಲ್ಕು ಟಾಕು."

ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆ ಎತ್ತಿದರು. "ತಪ್ಪಾಗೈತೇನೋ ತಮ್ಮಾ?"

"ತಪ್ಪಲ್ಲವ್ವ. ಬೋಲ್ಟು ದಪ್ಪನೇ ಇದಾವೆ, ತಡೀತಾವೆ. ಸೋಮವಾರ ಬೋಲ್ಟನ್ನೂ ಸೇರಿಸಿ ಇನ್ನೊಂದ್ ಸಲ ಲೆಕ್ಕ ಮಾಡ್ತೀನಿ."

"ಹಂಗಾರೆ ನಾಳೆ ಕ್ರೇನಿನ ಪೂಜೇನೂ ಸೋಮವಾರ ಇಟ್ಕಳ್ಳಕ್ಕೆ ಹೇಳು."

"ಹೂವಿನೋನಿಗೆ ಹೇಳಿ ಆಗಿದೆ, ಸ್ವೀಟು ತರಿಸಿದಾರೆ. ಈಗ ಹೋಗಿ ಬೇಡ ಅಂದ್ರೆ ನಗ್ತಾರೆ. ಪಂಚಾಕ್ಷರಿ ಕಂಪ್ಯೂಟರ್ ಲೆಕ್ಕ ಅಂತ ಇಷ್ಟು ದಿನ ಕುಣಿದ, ಈಗ ನೋಡ್ರಪ್ಪ ಅಂತಾರೆ."

ಅಷ್ಟೇ ಮಾತು. ಆಮೇಲೆ ಮುದ್ದೆ ಉಂಡು, ರೇಡಿಯೋದಲ್ಲಿ ವಾರ್ತೆ ಕೇಳಿ ಮಲಗಿದರು. ಮರುದಿನ ಶುಕ್ರವಾರ ಬಿಳಿ ಅಂಗಿ ಹಾಕಿಕೊಂಡು, ವಿಭೂತಿ ಇಟ್ಟುಕೊಂಡು ಹೋದರು. ತಿರುಗಿ ಬರಲಿಲ್ಲ.

ಅವರದು ಹಿರಿಯೂರಿನ ಕಡೆ. ತಂದೆ ಚಿಕ್ಕಂದಿನಲ್ಲೇ ಹೋಗಿದ್ದರು. ತಾಯಿ ಯಾರ ಯಾರ ಮನೆಯಲ್ಲೋ ರೊಟ್ಟಿ ತಟ್ಟಿ ಓದಿಸಿದರು. ಡಿಪ್ಲೊಮಾ ಮಾಡಿಕೊಂಡು ಬೆಂಗಳೂರಿಗೆ ಬಂದು ಕಂಪನಿ ಸೇರಿದರು. ನನ್ನನ್ನು ಮದುವೆಯಾದಾಗ ಬರೀ ಗೆರೆ ಎಳೆಯುವ ಕೆಲಸ. ಆಮೇಲೆ ಅವರ ಮೇಲಿನ ಎಂಜಿನಿಯರು ಗಂಗಾಧರಯ್ಯನವರು ಕಂಪ್ಯೂಟರಿನಲ್ಲಿ ಕಬ್ಬಿಣದ ಬಲ ನೋಡುವ ವಿದ್ಯೆ ಕಲಿತು ಬಂದರು. ಅದನ್ನು ಇವರಿಗೂ ಕಲಿಸಿದರು. ಅಲ್ಲಿಂದ ಇವರ ತಲೆ ನಿಲ್ಲಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಕೇಳಿ ಕೇಳಿ ಆ ಕೆಲಸ ಏನೆಂದು ಒಂದಿಷ್ಟು ಗೊತ್ತಾಗಿತ್ತು. ಕಬ್ಬಿಣದ ಒಂದು ದೊಡ್ಡ ತುಂಡಿನ ಮೇಲೆ ಭಾರ ಬಿದ್ದರೆ ಎಲ್ಲಿ ಎಷ್ಟು ನೋಯುತ್ತದೆ ಎಂದು ಒಟ್ಟಿಗೆ ಹೇಳುವುದು ಕಷ್ಟ. ಅದಕ್ಕೆ ಅದರ ಚಿತ್ರ ಬರೆದು, ಆ ಚಿತ್ರವನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಭಾಗ ಮಾಡುತ್ತಾರೆ. ಒಂದೊಂದು ಚೂರಿನ ಲೆಕ್ಕ ಸುಲಭ. ಒಂದು ಚೂರು ಪಕ್ಕದ ಚೂರನ್ನು ಎಷ್ಟು ತಳ್ಳುತ್ತದೆ, ಎಷ್ಟು ಎಳೆಯುತ್ತದೆ ಎಂದು ಎಲ್ಲವನ್ನೂ ಸೇರಿಸಿದರೆ ಇಡೀ ತುಂಡಿನ ಲೆಕ್ಕ ಸಿಗುತ್ತದೆ. ಸೇರಿಸುವುದು ಮನುಷ್ಯರ ಕೈಯಲ್ಲಿ ಆಗುವುದಿಲ್ಲ. ಅದು ಕಂಪ್ಯೂಟರಿನ ಕೆಲಸ. ಭಾಗ ಮಾಡುವುದು ಇವರ ಕೆಲಸ.

ಬಿರುಕು ಬಿಡಬಹುದು ಎಂಬ ಕಡೆ ತ್ರಿಕೋನ ಚಿಕ್ಕದಾಗಿರಬೇಕು. ಏನೂ ಆಗದ ಕಡೆ ದೊಡ್ಡದು ಸಾಕು. ಪ್ರತಿ ಮೂಲೆಗೂ ಒಂದು ನಂಬರು. ಪಕ್ಕಪಕ್ಕದ ಮೂಲೆಗಳ ನಂಬರು ಹತ್ತಿರ ಹತ್ತಿರವೇ ಇರಬೇಕು. ಇಲ್ಲದಿದ್ದರೆ ಮಿಷನ್ನಿನ ಹೊಟ್ಟೆ ಸಾಲುವುದಿಲ್ಲ ಎನ್ನುತ್ತಿದ್ದರು. ಭಾನುವಾರ ಚಾಪೆಯ ಮೇಲೆ ಬೋರಲು ಮಲಗಿ ನಂಬರು ಹಾಕುವುದು, ಅಳಿಸುವುದು, ಮತ್ತೆ ಹಾಕುವುದು. ಚಾಪೆಯೆಲ್ಲ ರಬ್ಬರಿನ ಪುಡಿ.

ಆ ನಂಬರುಗಳನ್ನೆಲ್ಲ ದಪ್ಪ ಕಾರ್ಡುಗಳಲ್ಲಿ ತೂತು ಹೊಡೆಸಬೇಕು. ಕಂಪನಿಯಲ್ಲಿ ಕಂಪ್ಯೂಟರ್ ಇರಲಿಲ್ಲ. ಕಾರ್ಡಿನ ಕಟ್ಟು ಹೊತ್ತುಕೊಂಡು ಬಸ್ಸಿನಲ್ಲಿ ಊರಿನ ಆ ತುದಿಗೆ ಹೋಗಬೇಕು. ಅಲ್ಲಿ ಕೊಟ್ಟು ಬಂದರೆ ಮರುದಿನ ಮಡಿಕೆ ಮಡಿಕೆಯಾಗಿ ಕಾಗದ ಸಿಗುತ್ತಿತ್ತು. ಒಂದು ಕಾರ್ಡು ಹಿಂದುಮುಂದಾದರೂ ಎಲ್ಲ ಹಾಳು. ಅದಕ್ಕೆ ಕಟ್ಟಿನ ಮೇಲೆ ಓರೆಯಾಗಿ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆದಿರುತ್ತಿದ್ದರು. ಕೆಳಗೆ ಬಿದ್ದರೆ ಗೆರೆ ನೋಡಿ ಜೋಡಿಸಬಹುದು. ಒಂದು ಸಲ ನಾವಿಬ್ಬರೂ ಬಸ್ಸಿನಲ್ಲಿ ಹೋಗುತ್ತಿದ್ದಾಗ ಕಂಡಕ್ಟರ್ ಕಟ್ಟು ನೋಡಿ ಕೇಳಿದ.

"ಏನ್ ಸಾರ್, ಇಸ್ಪೀಟಾ? ಇಷ್ಟು ದೊಡ್ಡ ಕಟ್ಟು ಹಿಡಿದು ಯಾರ ಮನೆ ಮುರಿಯಕ್ಕೆ ಹೊರಟ್ರಿ?"

"ಇದರಲ್ಲಿ ರಾಣಿ ಇಲ್ಲ ಕಣಪ್ಪ, ರಾಣಿ ಪಕ್ಕದಲ್ಲಿ ಕೂತಿದಾಳೆ" ಎಂದರು ಇವರು. ಬಸ್ಸಿನವರೆಲ್ಲ ನಕ್ಕರು. ನನಗೆ ನಾಚಿಕೆಯಾಗಿ ಕಿಟಕಿಯ ಕಡೆ ತಿರುಗಿದೆ. ಅವರು ನನ್ನ ಬಗ್ಗೆ ಹಾಗೆ ಅಂದದ್ದು ಅದೊಂದೇ ಸಲ.

ಆ ಕೆಲಸ ಎಂದರೆ ಅವರಿಗೆ ಜಂಬ. ಇಲ್ಲ ಎಂದು ಯಾಕೆ ಸುಳ್ಳು ಹೇಳಲಿ. ನೆಂಟರ ಮನೆ ಮದುವೆಯಲ್ಲಿ ಎಲೆಯ ಮುಂದೆ ಕೂತು ಹಪ್ಪಳ ಮುರಿದು ತ್ರಿಕೋನ ತೋರಿಸುತ್ತಿದ್ದರು. ಮುದುಕರು ಎದ್ದು ಬೇರೆ ಸಾಲಿಗೆ ಹೋಗುತ್ತಿದ್ದರು. ಅತ್ತೆ ಮಾತ್ರ ಎಲ್ಲರಿಗೂ ಹೇಳುತ್ತಿದ್ದರು: "ನನ್ನ ಮಗ ಕಬ್ಬಿಣದ ಮೈಯೊಳಗೆ ಹೊಕ್ಕು ನೋಡ್ತಾನೆ."

ಕಂಪನಿ ಹೊಸ ಶೆಡ್ಡು ಕಟ್ಟಿತು. ಅಲ್ಲಿನ ಕಬ್ಬಿಣದ ಕಂಬಕ್ಕೆ ಒಂದು ತೋಳು ಕೂರಿಸಿ, ಆ ತೋಳಿನ ತುದಿಯಿಂದ ಭಾರ ಎತ್ತುವ ಸಣ್ಣ ಕ್ರೇನು ಮಾಡಿದರು. ಶುರುವಿನಿಂದ ಕೊನೆಯವರೆಗೆ ಇವರೊಬ್ಬರೇ ಲೆಕ್ಕ ಹಾಕಿದ ಮೊದಲ ಕೆಲಸ ಅದು. ತೋಳು ಬಾಗುವ ಮೊಣಕೈ ಹತ್ತಿರ ಬಿರುಕು ಬರುತ್ತದೆಂಬ ಭಯ. ಅಲ್ಲಿ ಸಾಸಿವೆಯಷ್ಟು ಸಣ್ಣ ತ್ರಿಕೋನ ಹಾಕಿದರು. ತೋಳಿನ ಹಿಂಬದಿ ನಾಲ್ಕು ಬೋಲ್ಟಿನಿಂದ ಕಂಬಕ್ಕೆ ಕೂರುವ ಕಡೆ ಪೂರಾ ಒಂದೇ ಗುರುತು ಹಾಕಿದರು. ಇದು ಅಲ್ಲಾಡುವುದಿಲ್ಲ ಎಂಬ ಗುರುತು. ಆ ಗುರುತು ಹಾಕಿದರೆ ಕಂಪ್ಯೂಟರ್ ನಂಬುತ್ತದೆ. ಎದ್ದು ಹೋಗಿ ಕಂಬ ಮುಟ್ಟಿ ನೋಡುವುದಿಲ್ಲ.

ಶುಕ್ರವಾರ ನಡೆದದ್ದನ್ನು ಆಮೇಲೆ ಕೇಳಿ ತಿಳಿದುಕೊಂಡೆ. ಪೂಜೆ ಆಯಿತು, ತೆಂಗಿನಕಾಯಿ ಒಡೆದರು. ಕ್ರೇನಿನ ಗುಂಡಿ ಒತ್ತುವವನು ಬಾಪೂಜಿನಗರದ ಮರಿಯಪ್ಪ. ಕಬ್ಬಿಣದ ಹಲಗೆಗಳನ್ನು ಕಟ್ಟಿ ನಿಧಾನಕ್ಕೆ ಎತ್ತಿದ. ತೋಳು ಎಷ್ಟು ಬಗ್ಗುತ್ತದೆ ಎಂದು ನೋಡುವುದಕ್ಕೆ ಇವರು ಅದರ ಕೆಳಗೆ ಗಡಿಯಾರದ ಹಾಗಿರುವ ಒಂದು ಮೀಟರು ಇಟ್ಟಿದ್ದರು. ಅದರ ಮುಳ್ಳು ನೋಡುವುದಕ್ಕೆ ಬಗ್ಗಿದರು. ಎಲ್ಲರೂ ದೂರ ನಿಂತಿದ್ದರು. ಲೆಕ್ಕದಲ್ಲಿ ಬಂದ ಅಂಕಿಗೂ ಮುಳ್ಳಿಗೂ ತಾಳೆ ನೋಡಬೇಕಿತ್ತು ಅವರಿಗೆ.

"ಮುಳ್ಳು ಇಷ್ಟು ಓಡಬಾರದಲ್ಲ" ಎಂದರಂತೆ. ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರಂತೆ. ಆಗ ಕಂಬದಿಂದ ತೋಳು ಕಿತ್ತು ಬಂತು.

ನನ್ನನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮುಖಕ್ಕೆ ಏನೂ ಆಗಿರಲಿಲ್ಲ. ಶನಿವಾರ ನಮ್ಮವರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದೆವು. ಅತ್ತೆ ಅಳಲಿಲ್ಲ. ಕೈಯಲ್ಲಿ ಮಣ್ಣು ಹಿಡಿದುಕೊಂಡು ತುಂಬ ಹೊತ್ತು ನಿಂತಿದ್ದರು. ಯಾರೋ ಬೆರಳು ಬಿಡಿಸಿ ಹಾಕಿಸಿದರು.

ಶಿವಗಣಾರಾಧನೆಯ ಊಟಕ್ಕೆ ಕಂಪನಿಯವರು ಬಂದರು. ತೋಳು ನೋಡಿದೆವಮ್ಮಾ, ಒಂದು ಕೂದಲಿನಷ್ಟೂ ಬಿರುಕಿಲ್ಲ ಎಂದರು. ಪಂಚಾಕ್ಷರಿಯವರ ಲೆಕ್ಕ ಅಂದರೆ ಲೆಕ್ಕ ಎಂದರು. ಡ್ರಾಯಿಂಗ್ ಆಫೀಸಿನಲ್ಲಿ ಅವರ ಫೋಟೋ ಹಾಕಿಸಿದ್ದೇವೆ ಎಂದರು. ಅತ್ತೆ ಆ ಮಾತನ್ನು ಮೂರು ಜನರ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿಕೊಂಡರು. ಗಂಗಾಧರಯ್ಯನವರು ಮಾತ್ರ ಏನೂ ಹೇಳಲಿಲ್ಲ. ಅವರ ಎಲೆಯಲ್ಲಿ ಹಾಕಿದ್ದು ಹಾಕಿದ ಹಾಗೆ ಇತ್ತು.

ಆಮೇಲೊಂದು ದಿನ ಮಧ್ಯಾಹ್ನ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತಳು. ಕಾಲೆಲ್ಲ ಧೂಳು. ಬಾಪೂಜಿನಗರದಿಂದ ನಡೆದೇ ಬಂದಿದ್ದಳು.

"ನಾನು ಮರಿಯಪ್ಪನ ಹೆಂಡ್ತಿ ಅಕ್ಕಾ, ಮುನಿತಾಯಮ್ಮ. ಒಳಕ್ಕೆ ಬರಲ್ಲ. ಒಂದ್ ಮಾತು ಕೇಳ್ಬೇಕಿತ್ತು."

ಒಳಗೆ ಬಾ ಎಂದೆ. ಹೊಸ್ತಿಲ ಹೊರಗೇ ಕೂತಳು. ನಾನೂ ಹೊಸ್ತಿಲ ಹತ್ತಿರ ಕೂತೆ.

"ತಪ್ಪೆಲ್ಲ ನಮ್ಮೋರ ಮೇಲೆ ಹಾಕವ್ರೆ ಅಕ್ಕಾ. ತೋಳು ಗಟ್ಟಿಯಾಗೇ ಐತೆ, ನೀನು ಗುಂಡಿ ಒತ್ತಿ ಜರ್ಕ್ ಕೊಟ್ಟಿದ್ದಕ್ಕೇ ಬೋಲ್ಟು ಕಿತ್ಕಂಡು ಬಂತು ಅಂತವ್ರೆ. ಕೆಲಸದಿಂದ ನಿಲ್ಸವ್ರೆ. ಪೊಲೀಸ್ನೋರೂ ಬಂದಿದ್ರು."

"ಅವನೇನು ಹೇಳ್ತಾನೆ?"

"ಮೊದಲು ಇಲ್ಲ ಇಲ್ಲ ಅಂತಿದ್ದ. ಈಗ ಹೂಂ ಅಂತಾನೆ. ನನ್ನ ಕೈಯೇ ಇರಬೇಕು ಮುನಿತಾಯಿ, ನಾನೇ ಕೊಂದೆ ಅಂತಾನೆ. ಬಲಗೈನ ನೋಡ್ಕಂಡು ಕೂತಿರ್ತಾನೆ. ತುತ್ತು ಕಲಸಕ್ಕೂ ಆ ಕೈ ಮುಟ್ಟಿಸಲ್ಲ. ಬುಧವಾರ ಕಂಪನೀಲಿ ವಿಚಾರಣೆ. ತಪ್ಪೊಪ್ಪಿಕೊಂಡು ಸೈನ್ ಹಾಕಿಬಿಡ್ತೀನಿ ಅಂತವ್ನೆ. ಜೈಲಾದ್ರೂ ಆಗ್ಲಿ ಅಂತವ್ನೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಸಾರ್ ಮನೇಲೇನಾದ್ರೂ ಅಂದಿದ್ರಾ ಅಕ್ಕಾ? ನಮ್ಮೋರು ಒರಟು ಅಂತ, ಜೋರಾಗಿ ಎತ್ತುತಾನೆ ಅಂತ? ಹಂಗಂದಿದ್ರೆ ನಾನು ನಂಬ್ತೀನಿ. ಇಲ್ಲದಿದ್ರೆ ಎಂಗೆ ನಂಬ್ಲಿ?"

ಹಿಂದೆ ಅತ್ತೆ ಬಂದು ನಿಂತದ್ದು ಗೊತ್ತಾಯಿತು.

"ಏನೂ ಅಂದಿಲ್ಲ ಕಣಮ್ಮಾ. ಹೋಗು. ನಮ್ಮ ಮನೆ ದೀಪ ಹೋಗೈತೆ, ನಮ್ಮನ್ನ ಕೇಳಕ್ಕೆ ಬಂದಿದೀಯಲ್ಲ" ಎಂದರು ಅತ್ತೆ.

ಅವಳು ಎದ್ದಳು. ನೀರು ಕುಡಿದು ಹೋಗು ಎಂದೆ. ಕುಡಿಯಲಿಲ್ಲ.

ಅವಳು ಹೋದ ಮೇಲೆ ನಾನು ಅತ್ತೆಯ ಎದುರಿಗೆ ಕೂತೆ.

"ಅವರು ಗುರುವಾರ ಹೇಳಿದ್ದು ನೀವೂ ಕೇಳಿದ್ರಿ."

"ನನಗೆ ಕಿವಿ ಮಂದ."

"ನೀವೇ ಕೇಳಿದ್ರಿ ಅತ್ತೆ, ತಪ್ಪಾಗೈತಾ ಅಂತ."

"ತಪ್ಪಲ್ಲ ಅಂದ. ನನ್ನ ಮಗ ತಪ್ಪಲ್ಲ ಅಂದ. ಅಷ್ಟೇ ನಾನು ಕೇಳಿದ್ದು." ಬತ್ತಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಇದ್ದಾಗ ಏನು ಕೊಟ್ನಪ್ಪ ದೇವರು ಅವನಿಗೆ? ಮಕ್ಕಳಿಲ್ಲ, ಮರಿಯಿಲ್ಲ. ಒಂದು ಹೆಸರು ಐತೆ. ಗೋಡೆ ಮೇಲೆ ಫೋಟೋ ಐತೆ. ಅದನ್ನೂ ಇಳಿಸ್ತೀಯಾ ನೀನು? ಅವನು ಸತ್ತಿದ್ದು ಸಾಲದಾ?"

"ಇನ್ನೊಬ್ಬ ಬದುಕಿದಾನಲ್ಲ ಅತ್ತೆ."

"ಅವನು ನಿನಗೇನಾಗಬೇಕು?"

ಏನೂ ಆಗಬೇಕಿಲ್ಲ. ಅವನ ಮುಖವನ್ನೂ ನಾನು ನೋಡಿರಲಿಲ್ಲ. ಎರಡು ದಿನ ಏನೂ ಮಾಡಲಿಲ್ಲ. ಮಾಡಬಾರದು ಎಂದೇ ಕೂತಿದ್ದೆ. ಅನ್ನ ಕಲಸುವಾಗ ಬಲಗೈ ನೋಡುತ್ತಿದ್ದೆ. ಆ ಮನುಷ್ಯ ಮಾಡದ ಕೊಲೆಯನ್ನು ಮಾಡಿದೆ ಎಂದುಕೊಂಡು ಬದುಕುತ್ತಾನೆ. ನಮ್ಮ ಯಜಮಾನರಿಗೋ ಇನ್ನು ಮೇಲೆ ಯಾರು ನಕ್ಕರೂ ಕೇಳಿಸುವುದಿಲ್ಲ.

ಮಂಗಳವಾರ ಗಂಗಾಧರಯ್ಯನವರ ಮನೆಗೆ ಹೋದೆ. ವಿಜಯನಗರದಲ್ಲಿ ಮನೆ. ನನ್ನನ್ನು ನೋಡಿ ಅವರು ಕುರ್ಚಿಯಿಂದ ಎದ್ದರು. ಅವರ ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದರು.

"ಸಾರ್, ಆ ತೋಳಿನ ಹಿಂದೆ ಪೂರಾ ಅಂಟಿಕೊಂಡಿದೆ ಅಂತ ಅವರು ಲೆಕ್ಕ ಹಾಕಿದ್ರು. ನಾಲ್ಕು ಬೋಲ್ಟು ಅಂತ ಹಾಕಿರಲಿಲ್ಲ. ಅವರೇ ನನಗೆ ಹೇಳಿದ್ರು, ಹಿಂದಿನ ದಿನ."

ಅವರು ಕಾಫಿ ಲೋಟವನ್ನು ತಿರುಗಿಸುತ್ತ ಕೂತರು.

"ಗೊತ್ತಮ್ಮಾ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಮುಂದುವರಿಸಿದರು. "ಆಮೇಲೆ ನಾನು ಮತ್ತೆ ಲೆಕ್ಕ ಮಾಡಿಸಿದೆ. ಹಿಂದುಗಡೆ ಬಿಟ್ಟು ಬರೀ ಬೋಲ್ಟು ಹಿಡಿಸಿ. ತೋಳಿಗೇನೂ ಆಗಲ್ಲ, ಅದು ಗಟ್ಟಿ. ಹಿಂಬದಿ ಮೇಲುಗಡೆ ಕಂಬ ಬಿಟ್ಟು ಏಳುತ್ತೆ. ಮೇಲಿನ ಎರಡು ಬೋಲ್ಟಿಗೇ ಪೂರಾ ಎಳೆತ. ತಡೆಯೋ ಮಾತೇ ಇಲ್ಲ. ಮರಿಯಪ್ಪ ಎಷ್ಟು ನಿಧಾನಕ್ಕೆ ಎತ್ತಿದ್ರೂ ಅದು ಬೀಳ್ತಿತ್ತು."

"ಮತ್ತೆ ಯಾಕೆ ಸಾರ್ ಹೇಳಲಿಲ್ಲ?"

"ಹೆಂಗೆ ಹೇಳಲಿ? ಫೋಟೋಗೆ ಹಾರ ಹಾಕಿದ ಕೈಯಲ್ಲೇ ಇವನದೇ ತಪ್ಪು ಅಂತ ಬರೀಲಾ? ನಿಮ್ಮ ಅತ್ತೆ ಮುಖ ನೋಡಿದೆ ಅವತ್ತು. ಆ ಡ್ರಾಯಿಂಗ್ ಮೇಲೆ ನನ್ನ ಸಹಿನೂ ಇದೆ ತಾಯಿ. ನಾನೂ ಮೊಣಕೈ ಒಂದೇ ನೋಡಿದೆ. ಹಿಂದುಗಡೆ ನೋಡಲಿಲ್ಲ."

ಸತ್ತವರ ಮೇಲಿನ ಮರ್ಯಾದೆ ಎಷ್ಟು, ಸಹಿಯ ಭಯ ಎಷ್ಟು, ನಾನು ಕೇಳಲಿಲ್ಲ. ಎರಡೂ ಇತ್ತು. ಮುಖದಲ್ಲಿ ಕಾಣುತ್ತಿತ್ತು.

"ನೀವು ಒಪ್ಪಿದ್ರೆ ನಾಳೆ ಹೇಳ್ತೀನಿ. ನೀವು ಬೇಡ ಅಂದ್ರೆ..." ಎಂದು ನಿಲ್ಲಿಸಿದರು.

ನನ್ನ ಒಪ್ಪಿಗೆ ಯಾಕೆ ಬೇಕು ಇವರಿಗೆ ಎಂದು ಸಿಟ್ಟು ಬಂತು. ಎದ್ದು ಬಂದುಬಿಡೋಣ ಅನ್ನಿಸಿತು. ನನ್ನನ್ನು ಕೇಳದೆ ಹೇಳಿಬಿಟ್ಟಿದ್ದರೆ, ಮನೆಯಲ್ಲಿ ಅತ್ತೆಗೆ ನಾನಲ್ಲ, ಗಂಗಾಧರಯ್ಯನವರೇ ಹೇಳಿದ್ದು ಎನ್ನಬಹುದಿತ್ತು. ಇವರು ಆ ದಾರಿಯನ್ನೂ ಬಿಡಲಿಲ್ಲ.

"ಹೇಳಿ ಸಾರ್" ಎಂದೆ.

ಬುಧವಾರ ನಾನೂ ಹೋದೆ. ಆಫೀಸಿನ ಹೊರಗೆ ಬೆಂಚಿನ ಮೇಲೆ ಮರಿಯಪ್ಪ ಕೂತಿದ್ದ. ನನಗಿಂತ ಚಿಕ್ಕವನು. ನನ್ನನ್ನು ನೋಡಿದ ಕೂಡಲೇ ಕಾಲಿಗೆ ಬಿದ್ದ. ಏಳಪ್ಪಾ ಎಂದರೂ ಏಳಲಿಲ್ಲ.

"ಇಳಿಸಬೇಕಿತ್ತಮ್ಮಾ. ಸಾರ್ ಮುಳ್ಳು ಓಡ್ತಿದೆ ಅಂದ ತಕ್ಷಣ ಇಳಿಸಬೇಕಿತ್ತು."

"ಇಳಿಸು ಅಂದ್ರಾ?"

"ಅನ್ನಲಿಲ್ಲ. ಕನ್ನಡಕ ಒರೆಸಿಕೊಂಡ್ರು."

"ಮತ್ತೆ ನೀನೇನು ಮಾಡ್ತೀಯ? ಏಳು."

ಒಳಗೆ ನನ್ನನ್ನೂ ಕರೆದರು. ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. ಒಬ್ಬರು ಬರೆದುಕೊಂಡರು. ಗಂಗಾಧರಯ್ಯನವರು ಎದ್ದು ನಿಂತು ಎರಡನೇ ಲೆಕ್ಕದ ಕಾಗದ ಮೇಜಿನ ಮೇಲೆ ಬಿಡಿಸಿದರು. ತಮ್ಮ ಹೆಸರನ್ನೂ ಹೇಳಿದರು, ನನ್ನ ಗಂಡನ ಹೆಸರನ್ನೂ ಹೇಳಿದರು. ಪಂಚಾಕ್ಷರಿಯವರ ತಪ್ಪು ಎಂಬ ಮಾತು ಮೊದಲ ಸಲ ಗಟ್ಟಿಯಾಗಿ ಕಿವಿಗೆ ಬಿತ್ತು. ನಾನೇ ಹೇಳಿಸಿದ ಮಾತು. ಹೊರಗೆ ಬರುವಾಗ ಡ್ರಾಯಿಂಗ್ ಆಫೀಸಿನ ಬಾಗಿಲು ತೆರೆದಿತ್ತು. ನಾನು ಒಳಗೆ ನೋಡಲಿಲ್ಲ.

ಮರಿಯಪ್ಪನಿಗೆ ಕೆಲಸ ವಾಪಸು ಕೊಟ್ಟರು. ಪೊಲೀಸಿನವರೂ ಬಿಟ್ಟರು. ಅವನು ಕ್ರೇನಿನ ಗುಂಡಿ ಮುಟ್ಟುವುದಿಲ್ಲವಂತೆ. ಕೇಳಿಕೊಂಡು ಸಾಮಾನಿಡುವ ಸ್ಟೋರ್ ರೂಮಿನ ಕೆಲಸಕ್ಕೆ ಹೋದನಂತೆ. ಬಲಗೈಯಲ್ಲಿ ಉಣ್ಣುತ್ತಾನೆ ಎಂದು ಮುನಿತಾಯಮ್ಮ ಬಂದು ಹೇಳಿ ಹೋದಳು. ಆಗಲೂ ಹೊಸ್ತಿಲ ಹೊರಗೇ ಕೂತಿದ್ದಳು. ಬೀದಿಯಲ್ಲಿ ಒಂದೆರಡು ಬಾಯಿ ಆಡಿದವು. ಗಂಡ ಸತ್ತ ಮೇಲೆ ಗಂಡನ ಮೇಲೇ ದೂರು ಹೇಳಿದಳಂತೆ ಎಂದರು. ಫಾಲ್ ಹಾಕಿಸುವುದಕ್ಕೆ ಕೆಲವರು ಬರಲಿಲ್ಲ. ಆಮೇಲೆ ಬಂದರು.

ಫೋಟೋ ಇದೆಯೋ ಇಳಿಸಿದರೋ ಗೊತ್ತಿಲ್ಲ. ವಿಚಾರಿಸಲಿಲ್ಲ.

ಆ ಬುಧವಾರ ಮನೆಗೆ ಬಂದು ಅತ್ತೆಗೆ ನಾನೇ ಹೇಳಿದೆ. ಬೇರೆ ಯಾರ ಬಾಯಿಂದಲೋ ಕೇಳುವುದು ಬೇಡ ಎಂದು. ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆಯ ಕಡೆ ತಿರುಗಿ ಮಲಗಿದರು. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಊರಿಗೆ ಹೋಗಿಬಿಡುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. ಅಲ್ಲಿ ಯಾರಿದ್ದಾರೆ? ನನಗೂ ಯಾರಿದ್ದಾರೆ?

ಅವರ ಕಣ್ಣಿಗೆ ಪೊರೆ ಬಂದಿದೆ. ಕೈ ನಡುಗುತ್ತದೆ. ಬೆಳಿಗ್ಗೆ ಎದ್ದು ನಾನು ಸ್ನಾನ ಮಾಡಿ, ಅವರ ಲಿಂಗಪೂಜೆಗೆ ಮಣೆ ಹಾಕುತ್ತೇನೆ. ಚೊಂಬಿನಲ್ಲಿ ನೀರು, ವಿಭೂತಿ ಗಟ್ಟಿ, ಸಿಕ್ಕಿದರೆ ಎರಡು ಪತ್ರೆ. ಎಲ್ಲವನ್ನೂ ಕೈಗೆ ಸಿಗುವ ಹಾಗೆ ಮಣೆಯ ಬಲಗಡೆ ಇಡುತ್ತೇನೆ. ಅತ್ತೆ, ನೀರಿಟ್ಟಿದೀನಿ ಎನ್ನುತ್ತೇನೆ. ಅವರು ಅಲ್ಲಾಡುವುದಿಲ್ಲ. ನಾನು ಅಡಿಗೆಮನೆಗೆ ಹೋಗಿ ಒಲೆ ಹಚ್ಚುತ್ತೇನೆ. ಆಗ ಚೊಂಬು ಎತ್ತಿದ ಸದ್ದು ಕೇಳುತ್ತದೆ.